ನಕ್ಷತ್ರಗಳ ನಡುವಿನ ಅನಿಲವನ್ನು ಕಾರ್ಬನ್ ಹೇಗೆ ತಣ್ಣಗಾಗಿಸುತ್ತದೆ?

ಓದುಗರೊಬ್ಬರು ಕೇಳಿದ್ದಾರೆ: "ನಕ್ಷತ್ರಗಳ ನಡುವಿನ ಅನಿಲವನ್ನು ಕಾರ್ಬನ್ ಅಯಾನು ತಣ್ಣಗಾಗಿಸುತ್ತದೆ, ಆಗ 158 ಮೈಕ್ರಾನ್ ತರಂಗಾಂತರದ ಬೆಳಕು ಹೊರಡುತ್ತದೆ ಎಂದು ಓದಿದೆ. ನನಗೆ ಮೂರು ಅನುಮಾನ. ಬಿಸಿ ಇದ್ದದ್ದು ಹೊಳೆಯುತ್ತದೆ ಅಂತ ಗೊತ್ತು. ಹೊಳೆಯುವುದರಿಂದ ತಣ್ಣಗಾಗುವುದು ಹೇಗೆ? ಅನಿಲದ ತುಂಬ ಹೈಡ್ರೋಜನ್ನೇ ಇರುವಾಗ ಚೂರೇ ಚೂರು ಇರುವ ಕಾರ್ಬನ್ ಯಾಕೆ ಬೇಕು? ಒಂದು ಗ್ಯಾಲಕ್ಸಿ ಈ ಬೆಳಕಿನಲ್ಲಿ ತುಂಬಾ ಪ್ರಕಾಶವಾಗಿ ಕಂಡರೆ, ಅಲ್ಲಿನ ಅನಿಲ ತುಂಬಾ ತಣ್ಣಗಿದೆ ಎಂದು ಅರ್ಥವೇ?"

ಮೂರನೆಯ ಅನುಮಾನಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಜಾಸ್ತಿ ಜನ ಎಡವುವುದು ಅಲ್ಲೇ. ಹಾಗೆ ಅರ್ಥವಲ್ಲ. ಕಾರ್ಬನ್ನಿನ ಬೆಳಕು ಜೋರಾಗಿದೆ ಅಂದರೆ ಅಲ್ಲಿನ ಅನಿಲಕ್ಕೆ ಶಾಖ ಜೋರಾಗಿ ಬಂದು ಸೇರುತ್ತಿದೆ ಅಂತ. ಬಂದಷ್ಟು ಶಾಖ ಹೊರಗೆ ಹೋಗುತ್ತಲೂ ಇರಬೇಕು, ಇಲ್ಲದಿದ್ದರೆ ಅನಿಲ ಕಾಯುತ್ತಲೇ ಹೋಗುತ್ತದೆ. ಹೊರಗೆ ಹೋಗುವ ದಾರಿಗಳಲ್ಲಿ ದೊಡ್ಡದು ಕಾರ್ಬನ್ ಅಯಾನು, ಅಂದರೆ ಒಂದು ಎಲೆಕ್ಟ್ರಾನು ಕಳೆದುಕೊಂಡ ಕಾರ್ಬನ್ ಪರಮಾಣು. ಈ ಬೆಳಕನ್ನು ಅಳೆದವರು ಅನಿಲದ ಶಾಖದ ಖರ್ಚನ್ನು ಅಳೆದಂತೆ. ಖರ್ಚು ಗೊತ್ತಾದರೆ ಆದಾಯವೂ ಗೊತ್ತಾಗುತ್ತದೆ. ಅದು ಹೇಗೆ ಎಂದು ನೋಡಲು ನಿಮ್ಮ ಮೊದಲ ಎರಡು ಅನುಮಾನಗಳ ಒಳಗೆ ಇಳಿಯೋಣ.

ಅನಿಲದ ಮಟ್ಟಿಗೆ ಶಾಖ ಅಂದರೆ ಪರಮಾಣುಗಳ ಓಡಾಟ. ವೇಗವಾಗಿ ಓಡಾಡುತ್ತಿದ್ದರೆ ಬಿಸಿ, ನಿಧಾನವಾಗಿದ್ದರೆ ತಂಪು. ಭೂಮಿಯ ಮೇಲೆ ಬಿಸಿ ವಸ್ತು ಸುತ್ತಲಿನ ಗಾಳಿಗೋ ನೀರಿಗೋ ಶಾಖ ಕೊಟ್ಟು ಆರುತ್ತದೆ. ನಕ್ಷತ್ರಗಳ ನಡುವೆ ಆ ಅನುಕೂಲ ಇಲ್ಲ. ನಾನಿಲ್ಲಿ ಹೇಳುತ್ತಿರುವ ತಣ್ಣನೆಯ ಮೋಡಗಳಲ್ಲಿ ಒಂದು ಘನ ಸೆಂಟಿಮೀಟರಿಗೆ ಸುಮಾರು 30 ಹೈಡ್ರೋಜನ್ ಪರಮಾಣುಗಳಿರುತ್ತವೆ, ಅಷ್ಟೇ. ನಾವು ಉಸಿರಾಡುವ ಗಾಳಿಯಲ್ಲಿ ಅಷ್ಟೇ ಜಾಗದಲ್ಲಿ ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳಿವೆ. ಅಷ್ಟು ವಿರಳವಾದ ಅನಿಲದಿಂದ ಶಾಖ ಹೊರಹೋಗಬೇಕಾದರೆ ಬೆಳಕಿನ ರೂಪದಲ್ಲೇ ಹೋಗಬೇಕು.

ಆ ಕೆಲಸ ಹೀಗೆ ನಡೆಯುತ್ತದೆ. ಓಡಾಡುತ್ತಿರುವ ಹೈಡ್ರೋಜನ್ ಪರಮಾಣುವೊಂದು ಕಾರ್ಬನ್ ಅಯಾನಿಗೆ ಡಿಕ್ಕಿ ಹೊಡೆಯುತ್ತದೆ. ಡಿಕ್ಕಿಯ ನಂತರ ಎರಡೂ ಮೊದಲಿಗಿಂತ ನಿಧಾನವಾಗಿ ದೂರ ಸರಿಯುತ್ತವೆ. ಕಡಿಮೆಯಾದ ಆ ಶಕ್ತಿ ಎಲ್ಲಿಗೆ ಹೋಯಿತು? ಕಾರ್ಬನ್ನಿನ ಒಳಗಿನ ಎಲೆಕ್ಟ್ರಾನು ಒಂದು ಮೆಟ್ಟಿಲು ಮೇಲೇರಿದೆ. ಶಕ್ತಿ ಅಲ್ಲಿ ಕೂತಿದೆ. ಮುಂದೆ ಎರಡರಲ್ಲಿ ಒಂದು ಆಗಬಹುದು. ಇನ್ನೊಂದು ಪರಮಾಣು ಬಂದು ಡಿಕ್ಕಿ ಹೊಡೆದು ಆ ಶಕ್ತಿಯನ್ನು ಮತ್ತೆ ಓಟವಾಗಿ ಬದಲಾಯಿಸಬಹುದು. ಆಗ ಅನಿಲಕ್ಕೆ ನಷ್ಟವೂ ಇಲ್ಲ, ಲಾಭವೂ ಇಲ್ಲ. ಅಥವಾ ಎಲೆಕ್ಟ್ರಾನು ತಾನಾಗಿ ಕೆಳಗಿಳಿದು ಒಂದು ಫೋಟಾನನ್ನು, ಅಂದರೆ ಬೆಳಕಿನ ಒಂದು ಕಣವನ್ನು, ಹೊರಗೆ ಬಿಡಬಹುದು. ಆ ಫೋಟಾನು ಮೋಡ ದಾಟಿ ಹೋಯಿತೋ, ಅಷ್ಟು ಶಾಖ ಆ ಅನಿಲಕ್ಕೆ ಮತ್ತೆ ಸಿಗುವುದಿಲ್ಲ. ನೀವು ಕೇಳಿದ ಹೊಳೆಯುವುದೂ ತಣ್ಣಗಾಗುವುದೂ ಒಂದೇ ಘಟನೆ. ಹೊರಗಿನಿಂದ ನೋಡುವವರಿಗೆ ಅದು ಬೆಳಕು, ಅನಿಲದ ಲೆಕ್ಕದಲ್ಲಿ ಅದು ಕಳೆದುಹೋದ ಶಾಖ.

ಹಾಗಾದರೆ ಹೈಡ್ರೋಜನ್ನೇ ಈ ಕೆಲಸ ಮಾಡಬಾರದೇಕೆ? ಅನಿಲದಲ್ಲಿ ಅದೇ ತಾನೇ ಜಾಸ್ತಿ ಇರುವುದು. ತೊಂದರೆ ಇರುವುದು ಮೆಟ್ಟಿಲಿನ ಎತ್ತರದಲ್ಲಿ. ಹೈಡ್ರೋಜನ್ನಿನ ಎಲೆಕ್ಟ್ರಾನು ಮೊದಲ ಮೆಟ್ಟಿಲು ಹತ್ತಲು 10.2 ಎಲೆಕ್ಟ್ರಾನ್ ವೋಲ್ಟ್ (ಪರಮಾಣುಗಳ ಮಟ್ಟದಲ್ಲಿ ಶಕ್ತಿಯನ್ನು ಅಳೆಯುವ ಮಾನ) ಬೇಕು. ನಮ್ಮ ಮೋಡದ ತಾಪ ಸುಮಾರು 80 ಕೆಲ್ವಿನ್, ಅಂದರೆ ಸೊನ್ನೆಗಿಂತ 193 ಡಿಗ್ರಿ ಸೆಲ್ಸಿಯಸ್ ಕೆಳಗೆ. ಆ ತಾಪದಲ್ಲಿ ಒಂದು ಪರಮಾಣುವಿನ ಸರಾಸರಿ ಓಟದ ಶಕ್ತಿ 0.01 ಎಲೆಕ್ಟ್ರಾನ್ ವೋಲ್ಟ್. ಐನೂರು ರೂಪಾಯಿ ನೋಟು ಬಿಟ್ಟು ಬೇರೇನೂ ಮುಟ್ಟದ ಅಂಗಡಿಗೆ ಐವತ್ತು ಪೈಸೆ ಹಿಡಿದು ಹೋದ ಹಾಗೆ. ಎಷ್ಟು ಕೋಟಿ ಡಿಕ್ಕಿಗಳಾದರೂ ಹೈಡ್ರೋಜನ್ ಮೇಲೇರುವುದಿಲ್ಲ. ಪರಮಾಣುಗಳು ಗೋಲಿಗಳ ಹಾಗೆಯೇ ಒಂದಕ್ಕೊಂದು ತಾಗಿ ಚಿಮ್ಮುತ್ತವೆ, ಶಾಖ ಅಲ್ಲೇ ಉಳಿಯುತ್ತದೆ. ಎರಡನೇ ಸ್ಥಾನದಲ್ಲಿರುವ ಹೀಲಿಯಮ್ಮಿನ ಮೆಟ್ಟಿಲು ಇನ್ನೂ ಎತ್ತರ.

ಇಲ್ಲಿ ಖಗೋಳ ವಿಜ್ಞಾನ ಓದಿದವರು ಒಂದು ಮಾತು ಎತ್ತಬಹುದು. ಹೈಡ್ರೋಜನ್ನಿಗೆ 21 ಸೆಂಟಿಮೀಟರಿನ ರೇಡಿಯೊ ರೇಖೆ (ಒಂದೇ ನಿಗದಿತ ತರಂಗಾಂತರದಲ್ಲಿ ಹೊರಡುವ ಅಲೆ) ಇದೆಯಲ್ಲ, ಅದರ ಮೆಟ್ಟಿಲು ತುಂಬಾ ಚಿಕ್ಕದಲ್ವಾ ಅಂತ. ಹೌದು, ಆದರೆ ಅದು ಅತಿಯಾಗಿ ಚಿಕ್ಕದು. ಅದರ ಒಂದು ಫೋಟಾನು ಹೊತ್ತೊಯ್ಯುವ ಶಕ್ತಿ ಕಾರ್ಬನ್ನಿನ ಫೋಟಾನಿನ ಶಕ್ತಿಯ 1,300ನೇ ಒಂದು ಭಾಗದಷ್ಟು. ಅದನ್ನು ಹೊರಬಿಡಲೂ ಒಂದು ಪರಮಾಣು ಸರಾಸರಿ 1 ಕೋಟಿ ವರ್ಷಕ್ಕಿಂತ ಹೆಚ್ಚು ಕಾಯಬೇಕು. ಮೋಡಗಳನ್ನು ಹುಡುಕಲು 21 ಸೆಂಟಿಮೀಟರ್ ಬಹಳ ಒಳ್ಳೆಯದು. ತಣ್ಣಗಾಗಿಸಲು ಅದರಿಂದ ಏನೂ ಆಗದು. ತಣ್ಣಗಾಗಿಸಬೇಕಾದರೆ ಮೆಟ್ಟಿಲು ಡಿಕ್ಕಿಯ ಶಕ್ತಿಗೆ ಹೊಂದುವ ಅಳತೆಯಲ್ಲಿರಬೇಕು.

ಕಾರ್ಬನ್ ಅಯಾನಿನಲ್ಲಿ ಅಂಥ ಮೆಟ್ಟಿಲು ಇದೆ. ಕಾರ್ಬನ್ನಿಗೆ ಆರು ಎಲೆಕ್ಟ್ರಾನು. ಒಂದು ಹೋದರೆ ಐದು ಉಳಿಯುತ್ತವೆ. ಅವುಗಳಲ್ಲಿ ಹೊರಗಿನ ಒಂದು ಎಲೆಕ್ಟ್ರಾನು ಸುತ್ತುವ ದಿಕ್ಕು ಮತ್ತು ಅದರ ಸ್ಪಿನ್ (ತನ್ನ ಸುತ್ತ ತಾನೇ ತಿರುಗಿದಂಥ ಗುಣ) ಒಂದಕ್ಕೊಂದು ಹೊಂದಿಕೊಂಡಿರಬಹುದು, ಇಲ್ಲವೇ ಎದುರುಬದುರಾಗಿರಬಹುದು. ಈ ಎರಡು ಸ್ಥಿತಿಗಳ ನಡುವೆ ಇರುವ ಅಂತರ 0.0079 ಎಲೆಕ್ಟ್ರಾನ್ ವೋಲ್ಟ್. ತಾಪದ ಭಾಷೆಯಲ್ಲಿ ಹೇಳಿದರೆ ಸುಮಾರು 91 ಕೆಲ್ವಿನ್. 80 ಕೆಲ್ವಿನ್ನಿನ ಮೋಡದಲ್ಲಿ ಓಡಾಡುವ ಪರಮಾಣುಗಳಿಗೆ ಇದು ಸಲೀಸಾಗಿ ಎಟುಕುವ ಎತ್ತರ. ಆ ಅಂತರದಿಂದ ಇಳಿಯುವಾಗ ಹೊರಡುವ ಫೋಟಾನಿನ ತರಂಗಾಂತರವೇ ನೀವು ಓದಿದ 158 ಮೈಕ್ರಾನ್, ಕರಾರುವಾಕ್ಕಾಗಿ 157.74. ಕಣ್ಣಿಗೆ ಕಾಣುವ ಬೆಳಕಿನ ಸುಮಾರು ಮುನ್ನೂರು ಪಟ್ಟು ಉದ್ದ. ಇದು ದೂರ ಅವಕೆಂಪು ಪ್ರದೇಶದ ಬೆಳಕು.

ಆಮ್ಲಜನಕಕ್ಕೂ ಇಂಥ ಮೆಟ್ಟಿಲಿದೆ, 228 ಕೆಲ್ವಿನ್ನಿನದು. ಅದರ ಬೆಳಕು 63 ಮೈಕ್ರಾನಿನಲ್ಲಿ ಬರುತ್ತದೆ. ಅನಿಲ ಇನ್ನೂ ಬಿಸಿಯಾಗಿ, ದಟ್ಟವಾಗಿ ಇರುವ ಕಡೆ ಆಮ್ಲಜನಕ ಮುಂದೆ ಬರುತ್ತದೆ. 80 ಕೆಲ್ವಿನ್ನಿನ ಮಾಮೂಲಿ ಮೋಡದಲ್ಲಿ ಹೆಚ್ಚಿನ ಕೆಲಸ ಕಾರ್ಬನ್ನಿನದೇ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಈ ಮೋಡಗಳಲ್ಲಿ ಹೈಡ್ರೋಜನ್ ಅಯಾನು ಆಗಿರುವುದಿಲ್ಲ, ಇಡೀ ಪರಮಾಣುವಾಗಿಯೇ ಇರುತ್ತದೆ. ಹಾಗಿರುವಾಗ ಕಾರ್ಬನ್ ಮಾತ್ರ ಒಂದು ಎಲೆಕ್ಟ್ರಾನು ಕಳೆದುಕೊಂಡಿರುವುದು ಹೇಗೆ? ಹೈಡ್ರೋಜನ್ನಿನ ಎಲೆಕ್ಟ್ರಾನು ಕಿತ್ತುಹಾಕಲು 13.6 ಎಲೆಕ್ಟ್ರಾನ್ ವೋಲ್ಟ್ ಬೇಕು. ಕಾರ್ಬನ್ನಿಗೆ 11.26 ಸಾಕು. ಬಿಸಿ ನಕ್ಷತ್ರಗಳಿಂದ ಹೊರಡುವ ನೇರಳಾತೀತ ಬೆಳಕಿನಲ್ಲಿ 13.6ಕ್ಕಿಂತ ಹೆಚ್ಚಿನ ಶಕ್ತಿಯ ಫೋಟಾನುಗಳನ್ನು ಅಲ್ಲೇ ಹತ್ತಿರದ ಹೈಡ್ರೋಜನ್ ನುಂಗಿಬಿಡುತ್ತದೆ. ಅದಕ್ಕಿಂತ ಕಡಿಮೆ ಶಕ್ತಿಯವನ್ನು ಹಿಡಿಯುವುದು ಹೈಡ್ರೋಜನ್ ಪರಮಾಣುವಿನಿಂದ ಬಹುಮಟ್ಟಿಗೆ ಆಗುವುದಿಲ್ಲ. ಅವು ದೂರ ದೂರ ಹರಡುತ್ತವೆ. 11.26ರಿಂದ 13.6ರ ನಡುವಿನ ಈ ಕಿರಿದಾದ ಕಿಟಕಿಯಿಂದ ಬರುವ ಬೆಳಕೇ ತಣ್ಣನೆಯ ಮೋಡದೊಳಗಿನ ಕಾರ್ಬನ್ನಿಗೆ ತಾಗುತ್ತದೆ. ಅಲ್ಲಿ ಅನಿಲರೂಪದಲ್ಲಿರುವ ಕಾರ್ಬನ್ ಹೆಚ್ಚುಕಡಿಮೆ ಎಲ್ಲವೂ ಅಯಾನೇ ಆಗಿರುತ್ತದೆ.

ಎರಡು ಸಂಖ್ಯೆಗಳ ನಡುವಿನ ಇಷ್ಟು ಸಣ್ಣ ವ್ಯತ್ಯಾಸ ಗ್ಯಾಲಕ್ಸಿಗಳ ಅನಿಲದ ತಾಪವನ್ನೇ ಬಹುಪಾಲು ತೀರ್ಮಾನಿಸುತ್ತಿದೆ. ಕಾರ್ಬನ್ನಿನ ಸಂಖ್ಯೆ 14 ಆಗಿದ್ದಿದ್ದರೆ ಈ ಉತ್ತರವನ್ನೇ ಬೇರೆ ರೀತಿ ಬರೆಯಬೇಕಾಗುತ್ತಿತ್ತು.

ಇನ್ನು ನಿಮ್ಮ "ಚೂರೇ ಚೂರು" ಎಂಬ ಮಾತು. ನೀವು ಹೇಳಿದ್ದು ಸರಿ. ಹತ್ತು ಸಾವಿರ ಹೈಡ್ರೋಜನ್ ಪರಮಾಣುಗಳಿಗೆ ಅನಿಲದಲ್ಲಿ ಒಂದೂವರೆಯಷ್ಟು ಕಾರ್ಬನ್ ಅಯಾನು ಇರುತ್ತದೆ. ಇಷ್ಟು ಕಡಿಮೆ ಇದ್ದೂ ಅದು ಹೇಗೆ ಸಾಕಾಗುತ್ತದೆ? ಒಂದು ಅಯಾನನ್ನು ಹಿಂಬಾಲಿಸಿ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ.

ಘನ ಸೆಂಟಿಮೀಟರಿಗೆ 30 ಪರಮಾಣು, 80 ಕೆಲ್ವಿನ್ ತಾಪ ಎಂದು ಇಟ್ಟುಕೊಳ್ಳಿ. ನಮ್ಮ ಅಯಾನನ್ನು ಮೇಲೇರಿಸುವಂಥ ಡಿಕ್ಕಿ ಸರಾಸರಿ ಎರಡು ವರ್ಷಕ್ಕೊಮ್ಮೆ ಆಗುತ್ತದೆ. ಎರಡು ವರ್ಷ! ಮೇಲೇರಿದ ಎಲೆಕ್ಟ್ರಾನು ತಾನಾಗಿ ಇಳಿಯಲು ತೆಗೆದುಕೊಳ್ಳುವ ಸರಾಸರಿ ಸಮಯ ಸುಮಾರು ಐದು ದಿನ. ಪರಮಾಣುಗಳ ಲೋಕದಲ್ಲಿ ಐದು ದಿನ ಅಂದರೆ ಯುಗ. ಕಣ್ಣಿಗೆ ಕಾಣುವ ಬೆಳಕು ಬಿಡುವ ಮಾಮೂಲಿ ಪರಮಾಣು ಸ್ಥಿತಿಗಳು ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ಇಳಿದುಬಿಡುತ್ತವೆ. ಆದರೂ ಇಲ್ಲಿ ಐದು ದಿನ ಸಾಕಷ್ಟು ಬೇಗವೇ, ಯಾಕೆಂದರೆ ಅದನ್ನು ಕೆಳಗೆ ತಳ್ಳುವಂಥ ಇನ್ನೊಂದು ಡಿಕ್ಕಿ ಬರಲು ವರ್ಷಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಮೇಲೇರಿದ ಅಯಾನು ಹೆಚ್ಚುಕಡಿಮೆ ಪ್ರತಿ ಸಲವೂ ಫೋಟಾನನ್ನು ಬಿಟ್ಟೇ ಇಳಿಯುತ್ತದೆ. ಪಡೆದ ಶಕ್ತಿಯನ್ನು ಅನಿಲಕ್ಕೆ ವಾಪಸು ಕೊಡುವುದಿಲ್ಲ.

ಒಂದು ಅಯಾನು, ಎರಡು ವರ್ಷಕ್ಕೊಂದು ಕ್ಷೀಣ ಫೋಟಾನು. ಇದರಿಂದ ಏನಾದೀತು ಅನ್ನಿಸುತ್ತದೆ. ಆದರೆ ತಣ್ಣಗಿನ ಅನಿಲದಲ್ಲಿ ಇರುವ ಶಾಖವೂ ಬಹಳ ಕಡಿಮೆ ತಾನೇ. ಲೆಕ್ಕ ಮುಂದುವರಿಸಿದರೆ, ಹೊರಗಿನಿಂದ ಶಾಖ ಬರುವುದು ಪೂರ್ತಿ ನಿಂತರೆ ಈ ಮೋಡ ತನ್ನ ಬಳಿ ಇರುವಷ್ಟು ಶಾಖವನ್ನು ಕೆಲವು ಹತ್ತು ಸಾವಿರ ವರ್ಷಗಳಲ್ಲಿ ಕಳೆದುಕೊಳ್ಳುತ್ತದೆ. ಮೋಡಗಳ ಆಯಸ್ಸು ಹತ್ತಾರು ಲಕ್ಷ ವರ್ಷಗಳ ಲೆಕ್ಕದಲ್ಲಿ ಇರುವುದರಿಂದ ಇದು ಕ್ಷಿಪ್ರ. ಸೂರ್ಯನಷ್ಟು ತೂಕದ ಅನಿಲವನ್ನು ತೆಗೆದುಕೊಂಡರೆ ಅದರೊಳಗಿನ ಕಾರ್ಬನ್ ಒಟ್ಟಾಗಿ ಸೂರ್ಯನ ಪ್ರಕಾಶದ ನೂರೈವತ್ತು, ಇನ್ನೂರರಲ್ಲಿ ಒಂದು ಭಾಗದಷ್ಟು ಬೆಳಕು ಬಿಡುತ್ತದೆ. ನಮ್ಮ ಕ್ಷೀರಪಥದಲ್ಲಿ ನೂರಾರು ಕೋಟಿ ಸೂರ್ಯರ ತೂಕದಷ್ಟು ಅನಿಲ ಇದೆ. ಗುಣಿಸಿ ನೋಡಿ. 1989ರಲ್ಲಿ ಹಾರಿಸಿದ ಕೋಬಿ ಉಪಗ್ರಹ ಇಡೀ ಆಕಾಶವನ್ನು ಅಳೆದಾಗ ಸಿಕ್ಕ ಮೊತ್ತ ಸುಮಾರು 5 ಕೋಟಿ ಸೂರ್ಯರ ಪ್ರಕಾಶ. ಕ್ಷೀರಪಥದ ದೂರ ಅವಕೆಂಪು ವರ್ಣಪಟಲದಲ್ಲಿ ಎಲ್ಲಕ್ಕಿಂತ ಪ್ರಬಲವಾದ ರೇಖೆ ಇದೇ ಎಂದು ತೋರಿಸಿದ್ದೂ ಆ ಉಪಗ್ರಹವೇ.

ಬಿಟ್ಟ ಫೋಟಾನು ಮೋಡ ದಾಟಿ ಹೋಗುತ್ತದೆ ಎಂದೆ. ಅದು ಯಾಕೆ ಸಿಕ್ಕಿಹಾಕಿಕೊಳ್ಳುವುದಿಲ್ಲ? ಇಳಿಯಲು ಐದು ದಿನ ತೆಗೆದುಕೊಳ್ಳುವ ಸ್ಥಿತಿ, ಹತ್ತುವಾಗಲೂ ಫೋಟಾನನ್ನು ಅಷ್ಟೇ ಅಪರೂಪಕ್ಕೆ ಹಿಡಿಯುತ್ತದೆ. ಆದ್ದರಿಂದ ದಾರಿಯಲ್ಲಿರುವ ಬೇರೆ ಕಾರ್ಬನ್ ಅಯಾನುಗಳು ಅದನ್ನು ಸಾಮಾನ್ಯವಾಗಿ ನುಂಗುವುದಿಲ್ಲ. ಧೂಳಿನ ಕಣಗಳೂ ಅಡ್ಡ ಬರುವುದಿಲ್ಲ, ಯಾಕೆಂದರೆ ಅವು 158 ಮೈಕ್ರಾನಿಗಿಂತ ನೂರಾರು ಪಟ್ಟು ಸಣ್ಣವು. ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವ ಅದೇ ಧೂಳು ಇದಕ್ಕೆ ದಾರಿ ಬಿಡುತ್ತದೆ.

ಅನಿಲ ದಟ್ಟವಾದರೆ ಈ ಲೆಕ್ಕ ಬದಲಾಗುತ್ತದೆ. ಘನ ಸೆಂಟಿಮೀಟರಿಗೆ ಸುಮಾರು 3,000 ಪರಮಾಣು ದಾಟಿದ ಮೇಲೆ, ಐದು ದಿನ ಮುಗಿಯುವ ಮೊದಲೇ ಇನ್ನೊಂದು ಡಿಕ್ಕಿ ಬಂದುಬಿಡುತ್ತದೆ. ಶಕ್ತಿ ಅನಿಲಕ್ಕೇ ವಾಪಸು. ಅಲ್ಲಿಂದ ಮುಂದೆ ಸಾಂದ್ರತೆ ಎಷ್ಟೇ ಏರಿದರೂ ಒಂದೊಂದು ಅಯಾನು ಬಿಡುವ ಬೆಳಕು ಏರುವುದಿಲ್ಲ. ಕಾರ್ಬನ್ ಅಯಾನು ಚೆನ್ನಾಗಿ ಕೆಲಸ ಮಾಡುವುದು ವಿರಳ ಅನಿಲದಲ್ಲಿ. ಮೋಡದ ಒಳಗೆ ನೇರಳಾತೀತ ಬೆಳಕೇ ತಲುಪದ ಜಾಗದಲ್ಲಿ ಅದು ಅಯಾನಾಗಿಯೂ ಉಳಿಯುವುದಿಲ್ಲ. ಆಮ್ಲಜನಕದ ಜೊತೆ ಸೇರಿ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. 80 ಕೆಲ್ವಿನ್ನಿನಿಂದ 10 ಕೆಲ್ವಿನ್ನಿಗೆ ಇಳಿಸುವ ಮುಂದಿನ ಹಂತ ಆ ಅಣುವಿನದು. ನಕ್ಷತ್ರ ಹುಟ್ಟುವುದು ಆ ಹತ್ತು ಕೆಲ್ವಿನ್ನಿನ ಆಳದಲ್ಲಿ. "ಕಾರ್ಬನ್ ಅಯಾನು ನಕ್ಷತ್ರಗಳನ್ನು ಹುಟ್ಟಿಸುತ್ತದೆ" ಎಂದು ಕೆಲವರು ಬರೆಯುತ್ತಾರೆ. ಅದು ಅರ್ಧ ಮಾತು. ಸಾವಿರಾರು ಕೆಲ್ವಿನ್ನಿನ ಅನಿಲ ನೂರು ಕೆಲ್ವಿನ್ನಿಗೆ ಇಳಿದು ಮೋಡವಾಗುವ ಮೊದಲ ಘಟ್ಟ ಅದರದು.

ಶಾಖ ಹೋಗುವ ದಾರಿ ನೋಡಿದೆವು. ಬರುವುದು ಎಲ್ಲಿಂದ? ಅದೂ ನಕ್ಷತ್ರದ ಬೆಳಕಿನಿಂದಲೇ, ಆದರೆ ನೇರವಾಗಿ ಅಲ್ಲ. ನೇರಳಾತೀತ ಫೋಟಾನು ಧೂಳಿನ ಕಣಕ್ಕೆ, ಅದರಲ್ಲೂ ಬೆಂಜೀನ್ ಉಂಗುರಗಳು ಒಟ್ಟುಗೂಡಿದ ದೊಡ್ಡ ಅಣುಗಳಿಗೆ ಬಡಿದು ಒಂದು ಎಲೆಕ್ಟ್ರಾನನ್ನು ಹೊರಗೆ ಹಾರಿಸುತ್ತದೆ. ಐನ್‌ಸ್ಟೈನ್ 1905ರಲ್ಲಿ ವಿವರಿಸಿದ ದ್ಯುತಿವಿದ್ಯುತ್ ಪರಿಣಾಮ ಇದೇ. ಹಾರಿದ ಎಲೆಕ್ಟ್ರಾನು ಅನಿಲದ ಪರಮಾಣುಗಳಿಗೆ ತಾಗಿ ತನ್ನ ಶಕ್ತಿ ಹಂಚುತ್ತದೆ. ಅನಿಲ ಬೆಚ್ಚಗಾಗುತ್ತದೆ. ಧೂಳು ನುಂಗಿದ ನೇರಳಾತೀತ ಶಕ್ತಿಯಲ್ಲಿ ಹೀಗೆ ಅನಿಲಕ್ಕೆ ದಾಟುವುದು ಹೆಚ್ಚೆಂದರೆ ಶೇಕಡಾ ಕೆಲವೇ ಭಾಗ. ಉಳಿದದ್ದೆಲ್ಲ ಧೂಳನ್ನೇ ಕಾಯಿಸಿ, ದೂರ ಅವಕೆಂಪು ಬೆಳಕಾಗಿ ಹೊರಹೋಗುತ್ತದೆ.

ಈಗ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ತಾಪ 91 ಕೆಲ್ವಿನ್ನಿಗಿಂತ ಕೆಳಗೆ ಇಳಿಯುತ್ತಾ ಹೋದರೆ ಕಾರ್ಬನ್ನನ್ನು ಮೇಲೇರಿಸುವಷ್ಟು ಜೋರಾದ ಡಿಕ್ಕಿಗಳು ಬಹಳ ಬೇಗ ಕಡಿಮೆಯಾಗುತ್ತವೆ. ತಣ್ಣಗಾಗುವುದು ತಾನಾಗಿ ನಿಧಾನವಾಗುತ್ತದೆ. ತಾಪ ಸ್ವಲ್ಪ ಏರಿದರೆ ಡಿಕ್ಕಿಗಳು ಜೋರಾಗುತ್ತವೆ, ಶಾಖ ಜಾಸ್ತಿ ಹೋಗುತ್ತದೆ. ಹೀಗೆ ಅನಿಲ ನೂರು ಕೆಲ್ವಿನ್ನಿನ ಆಸುಪಾಸಿನಲ್ಲಿ ತಾನಾಗಿಯೇ ನೆಲೆ ನಿಲ್ಲುತ್ತದೆ. ಅದನ್ನು ಹಿಡಿದು ನಿಲ್ಲಿಸಿರುವುದು ಆ 91 ಕೆಲ್ವಿನ್ನಿನ ಮೆಟ್ಟಿಲು.

ತಾಪ ನೂರಾರು ಕೆಲ್ವಿನ್ನಿಗೆ ಏರಿಬಿಟ್ಟರೆ ಈ ನಿಯಂತ್ರಣ ತಪ್ಪುತ್ತದೆ. ಆಗ ಹೆಚ್ಚುಕಡಿಮೆ ಪ್ರತಿ ಡಿಕ್ಕಿಗೂ ಮೆಟ್ಟಿಲು ಎಟುಕುತ್ತದೆ. ತಾಪ ಇನ್ನೂ ಏರಿದರೂ ಕಾರ್ಬನ್ ಮಾಡುವ ಕೆಲಸ ಏರುವುದಿಲ್ಲ. ಶಾಖ ಗೆಲ್ಲುತ್ತದೆ, ಅನಿಲ ಕಾಯುತ್ತಾ ಹೋಗುತ್ತದೆ. ಸುಮಾರು 8,000 ಕೆಲ್ವಿನ್ ತಲುಪಿದಾಗ ಮಾತ್ರ ಹೈಡ್ರೋಜನ್ನಿನ 10.2 ಎಲೆಕ್ಟ್ರಾನ್ ವೋಲ್ಟಿನ ಮೆಟ್ಟಿಲು ಅತಿ ವೇಗದ ಕೆಲವು ಎಲೆಕ್ಟ್ರಾನುಗಳಿಗೆ ಎಟುಕತೊಡಗುತ್ತದೆ. ಅಲ್ಲಿ ಅನಿಲ ಮತ್ತೆ ನಿಲ್ಲುತ್ತದೆ. ಆದ್ದರಿಂದ ನಕ್ಷತ್ರಗಳ ನಡುವಿನ ಹೈಡ್ರೋಜನ್ ಎರಡು ಬಗೆಯಲ್ಲಿ ಸಿಗುತ್ತದೆ: 80–100 ಕೆಲ್ವಿನ್ನಿನ ತಣ್ಣನೆಯ ಮೋಡ ಮತ್ತು ಅದನ್ನು ಸುತ್ತುವರಿದ, ನೂರು ಪಟ್ಟು ವಿರಳವಾದ, ಸಾವಿರಾರು ಕೆಲ್ವಿನ್ನಿನ ಬಿಸಿ ಅನಿಲ. ಎರಡರ ಒತ್ತಡ ಹೆಚ್ಚುಕಡಿಮೆ ಒಂದೇ. ಜಾರ್ಜ್ ಫೀಲ್ಡ್, ಡೊನಾಲ್ಡ್ ಗೋಲ್ಡ್‌ಸ್ಮಿತ್ ಮತ್ತು ಹಾರ್ಮ್ ಹಾಬಿಂಗ್ 1969ರಲ್ಲಿ ಈ ಚಿತ್ರ ಕೊಟ್ಟರು. ಶಾಖ ಬರುವುದು ಕಾಸ್ಮಿಕ್ ಕಿರಣಗಳಿಂದ ಎಂದು ಅವರು ಇಟ್ಟುಕೊಂಡಿದ್ದರು. ಆ ಜಾಗಕ್ಕೆ ಆಮೇಲೆ ಧೂಳಿನ ದ್ಯುತಿವಿದ್ಯುತ್ ಬಂತು. ಎರಡು ನೆಲೆಗಳ ಚಿತ್ರ ಮಾತ್ರ ಹಾಗೇ ಉಳಿದುಕೊಂಡಿತು, ಯಾಕೆಂದರೆ ಅದರ ಬೇರು ಇರುವುದು ಮೆಟ್ಟಿಲುಗಳ ಎತ್ತರದಲ್ಲಿ.

ಇಷ್ಟು ಗೊತ್ತಾದ ಮೇಲೆ ನಿಮ್ಮ ಮೂರನೆಯ ಅನುಮಾನ ತಾನಾಗಿ ಬಗೆಹರಿಯುತ್ತದೆ. ತಾಪ ನೆಲೆ ನಿಂತಿದೆ ಅಂದರೆ ಬಂದಷ್ಟು ಹೋಗುತ್ತಿದೆ. ಎಳೆಯ ಬಿಸಿ ನಕ್ಷತ್ರಗಳು ಜಾಸ್ತಿ ಇದ್ದರೆ ನೇರಳಾತೀತ ಬೆಳಕು ಜಾಸ್ತಿ, ಧೂಳಿನಿಂದ ಹಾರುವ ಎಲೆಕ್ಟ್ರಾನು ಜಾಸ್ತಿ, ಕಾರ್ಬನ್ನಿನ ಬೆಳಕೂ ಜಾಸ್ತಿ. ಹೀಗಾಗಿ ಒಂದು ಗ್ಯಾಲಕ್ಸಿಯಲ್ಲಿ ವರ್ಷಕ್ಕೆ ಎಷ್ಟು ಹೊಸ ನಕ್ಷತ್ರಗಳು ಹುಟ್ಟುತ್ತಿವೆ ಎಂದು ಅಂದಾಜು ಮಾಡಲು ಖಗೋಳ ವಿಜ್ಞಾನಿಗಳು ಈ ರೇಖೆಯನ್ನೇ ಬಳಸುತ್ತಾರೆ. ಮಾಮೂಲಿ ಗ್ಯಾಲಕ್ಸಿಗಳಲ್ಲಿ ಧೂಳಿನ ಒಟ್ಟು ದೂರ ಅವಕೆಂಪು ಬೆಳಕಿಗೆ ಹೋಲಿಸಿದರೆ ಈ ಒಂದೇ ರೇಖೆ ಶೇಕಡಾ 0.1ರಿಂದ 1ರಷ್ಟು ಇರುತ್ತದೆ. ಒಂದೇ ಧಾತುವಿನ ಒಂದೇ ರೇಖೆಗೆ ಇದು ಬಹಳ ದೊಡ್ಡ ಪಾಲು.

ಇಷ್ಟು ಪ್ರಬಲವಾದ ರೇಖೆ ಸಿಗಲು 1980ರವರೆಗೆ ಯಾಕೆ ಕಾಯಬೇಕಾಯಿತು ಅಂದರೆ, ನಮ್ಮ ವಾತಾವರಣದ ನೀರಾವಿ ಅದನ್ನು ಪೂರ್ತಿ ನುಂಗುತ್ತದೆ. ಇದು ಇದೆ ಎಂಬುದು ಲೆಕ್ಕದಲ್ಲಿ ಮೊದಲೇ ಗೊತ್ತಿತ್ತು. ರೇ ರಸೆಲ್, ಗ್ಯಾರಿ ಮೆಲ್ನಿಕ್, ಜಾರ್ಜ್ ಗಲ್, ಮಾರ್ಟಿನ್ ಹಾರ್ವಿಟ್ ನಾಸಾದ ಲಿಯರ್‌ಜೆಟ್ ವಿಮಾನದಲ್ಲಿ ದೂರದರ್ಶಕ ಇಟ್ಟುಕೊಂಡು, ನೀರಾವಿಯ ಮೇಲಕ್ಕೆ ಹಾರಿ, ಮಹಾವ್ಯಾಧ ನಕ್ಷತ್ರಪುಂಜದ ಓರಿಯನ್ ನೆಬ್ಯುಲಾದಲ್ಲೂ ಅದೇ ಪುಂಜದ ಇನ್ನೊಂದು ಮೋಡದಲ್ಲೂ ಇದನ್ನು ಮೊದಲು ಕಂಡರು. ಆಮೇಲೆ ಕೈಪರ್ ವಿಮಾನ ವೀಕ್ಷಣಾಲಯ, ಕೋಬಿ, ಯುರೋಪಿನ ಐಸೊ ಉಪಗ್ರಹ, 2009ರಲ್ಲಿ ಹಾರಿದ ಹರ್ಷಲ್ ಒಂದರ ಹಿಂದೆ ಒಂದು ಬಂದವು. ಹರ್ಷಲ್ ಕೊಟ್ಟದ್ದರಲ್ಲಿ ಒಂದನ್ನು ಹೇಳಲೇಬೇಕು. ಆಣ್ವಿಕ ಹೈಡ್ರೋಜನ್ ಎಲ್ಲಿದೆ ಎಂದು ಹುಡುಕಲು ಸಾಮಾನ್ಯವಾಗಿ ಕಾರ್ಬನ್ ಮೊನಾಕ್ಸೈಡನ್ನು ನೋಡುತ್ತಾರೆ. ಆದರೆ ಕ್ಷೀರಪಥದ ಆಣ್ವಿಕ ಅನಿಲದಲ್ಲಿ ಸುಮಾರು ಶೇಕಡಾ 30ರಷ್ಟು ಹಾಗೆ ಕಾಣುವುದೇ ಇಲ್ಲ, ಅಲ್ಲಿ ಕಾರ್ಬನ್ ಇನ್ನೂ ಅಯಾನಾಗಿಯೇ ಇದೆ ಎಂದು 158 ಮೈಕ್ರಾನಿನ ನಕ್ಷೆಗಳು ತೋರಿಸಿದವು.

2022ರವರೆಗೆ ಹಾರಿದ ಸೋಫಿಯಾ, ಬೋಯಿಂಗ್ 747 ವಿಮಾನದೊಳಗಿದ್ದ ದೂರದರ್ಶಕ. ಅದು ಓರಿಯನ್ ನೆಬ್ಯುಲಾದ ಸುತ್ತಲಿನ ಕಾರ್ಬನ್ ಬೆಳಕನ್ನು ಬಿಂದು ಬಿಂದುವಾಗಿ, ವೇಗದ ಸಮೇತ ದಾಖಲಿಸಿತು. 2019ರಲ್ಲಿ ಪ್ರಕಟವಾದ ಆ ನಕ್ಷೆಯಲ್ಲಿ ಒಂದೇ ಒಂದು ಬೃಹತ್ ನಕ್ಷತ್ರದ ಗಾಳಿಗೆ ಉಬ್ಬಿದ ದೊಡ್ಡ ಗುಳ್ಳೆ ಕಾಣುತ್ತದೆ. ಅದರ ಚಿಪ್ಪು ಸೆಕೆಂಡಿಗೆ 13 ಕಿಲೋಮೀಟರಿನಂತೆ ಹಿಗ್ಗುತ್ತಿದೆ. ಸುಮ್ನೆ ತಣ್ಣಗಾಗುವ ದಾರಿ ಎಂದುಕೊಂಡಿದ್ದ ರೇಖೆ ಅನಿಲದ ಚಲನೆಯನ್ನೂ ಇಷ್ಟು ಚೊಕ್ಕವಾಗಿ ತೋರಿಸಿದ್ದು ನನ್ನ ದೃಷ್ಟಿಯಲ್ಲಿ ಸೋಫಿಯಾದ ಅತ್ಯುತ್ತಮ ಕೆಲಸ.

ದೂರದ ಗ್ಯಾಲಕ್ಸಿಗಳಿಗೆ ವಿಮಾನವೂ ಬೇಡ. ಬ್ರಹ್ಮಾಂಡ ಹಿಗ್ಗುವುದರಿಂದ ಅವುಗಳ ಬೆಳಕಿನ ತರಂಗಾಂತರ ದಾರಿಯಲ್ಲೇ ಉದ್ದವಾಗಿ, ಭೂಮಿಯಿಂದಲೇ ಹಿಡಿಯಬಹುದಾದ ಮಿಲಿಮೀಟರ್ ಅಲೆಗಳಾಗಿ ಬರುತ್ತದೆ. 2005ರಲ್ಲಿ ಸ್ಪೇನಿನ 30 ಮೀಟರ್ ದೂರದರ್ಶಕ, ಬ್ರಹ್ಮಾಂಡಕ್ಕೆ ಇನ್ನೂ 90 ಕೋಟಿ ವರ್ಷವೂ ತುಂಬಿರದ ಕಾಲದ ಒಂದು ಕ್ವೇಸಾರಿನ (ನಡುವಿನ ಬೃಹತ್ ಕಪ್ಪುಕುಳಿಯಿಂದ ಅತಿಯಾಗಿ ಹೊಳೆಯುವ ಕೇಂದ್ರದ) ಗ್ಯಾಲಕ್ಸಿಯಲ್ಲಿ ಈ ರೇಖೆಯನ್ನು ಕಂಡಿತು. 158 ಮೈಕ್ರಾನ್ ಅಲ್ಲಿಂದ ಇಲ್ಲಿಗೆ ಬರುವಾಗ 1.17 ಮಿಲಿಮೀಟರ್ ಆಗಿತ್ತು. ಈಗ ಚಿಲಿಯ ಅಲ್ಮಾ ದೂರದರ್ಶಕಕ್ಕೆ ಇದು ನಿತ್ಯದ ಕೆಲಸ.

ಆದರೆ ಲೆಕ್ಕ ಎಲ್ಲ ಕಡೆ ಕೂಡಿಬರುವುದಿಲ್ಲ. ಸಂಗೀತಾ ಮಲ್ಹೋತ್ರಾ ಮತ್ತು ಸಂಗಡಿಗರು 1997ರಲ್ಲಿ ಐಸೊ ಉಪಗ್ರಹದ ಅಳತೆಗಳಲ್ಲಿ ಒಂದು ಕೊರತೆ ಗುರುತಿಸಿದರು. ಬಿಸಿ ಧೂಳಿನ, ಬಿರುಸಾಗಿ ನಕ್ಷತ್ರ ಹುಟ್ಟುವ ಕೆಲವು ಗ್ಯಾಲಕ್ಸಿಗಳಲ್ಲಿ ಧೂಳಿನ ಬೆಳಕಿಗೆ ಹೋಲಿಸಿದರೆ ಕಾರ್ಬನ್ನಿನ ಬೆಳಕು ತೀರಾ ಕಡಿಮೆ. ಅತಿ ಪ್ರಕಾಶದ ಅವಕೆಂಪು ಗ್ಯಾಲಕ್ಸಿಗಳಲ್ಲಿ ಅದು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಯಾಕೆ? ತೀವ್ರ ಬೆಳಕಿನಲ್ಲಿ ಧೂಳಿನ ಕಣ ಎಲೆಕ್ಟ್ರಾನು ಕಳೆದುಕೊಂಡು ಧನ ಆವೇಶ ಪಡೆಯುತ್ತದೆ, ಮುಂದಿನ ಎಲೆಕ್ಟ್ರಾನು ಅದರಿಂದ ಸುಲಭವಾಗಿ ಹಾರದು. ಆಗ ಅನಿಲಕ್ಕೆ ಸೇರುವ ಪಾಲೇ ಕಡಿಮೆ. ಜೊತೆಗೆ ಅನಿಲ ಅಲ್ಲಿ ಬಿಸಿಯೂ ಹೌದು, ದಟ್ಟವೂ ಹೌದು. ಮೇಲೆ ಹೇಳಿದ ಎರಡು ಮಿತಿಗಳೂ ಅಲ್ಲಿ ಒಟ್ಟಿಗೆ ಎದುರಾಗುತ್ತವೆ. ಯಾವ ಕಾರಣಕ್ಕೆ ಎಷ್ಟು ಪಾಲು ಎಂಬ ಚರ್ಚೆ ಇನ್ನೂ ನಡೆದಿದೆ. ಆದ್ದರಿಂದ ಬಹಳ ದೂರದ, ಬಹಳ ಪ್ರಕಾಶದ ಗ್ಯಾಲಕ್ಸಿಯೊಂದರ ಕಾರ್ಬನ್ ರೇಖೆ ಒಂದರಿಂದಲೇ ನಕ್ಷತ್ರ ಹುಟ್ಟುವ ದರ ಹೇಳಿದರೆ, ಅದನ್ನು ನಾನು ಎಚ್ಚರಿಕೆಯಿಂದ ಓದುತ್ತೇನೆ.

ಕಾರ್ಬನ್ನೇ ಇಲ್ಲದಿದ್ದ ಕಾಲವೂ ಒಂದಿತ್ತು. ಮಹಾಸ್ಫೋಟದಿಂದ ಬಂದದ್ದು ಹೈಡ್ರೋಜನ್, ಹೀಲಿಯಂ, ಚಿಟಿಕೆ ಲೀಥಿಯಂ. ಆಗ ಅನಿಲವನ್ನು ತಣ್ಣಗಾಗಿಸಲು ಇದ್ದದ್ದು ಹೈಡ್ರೋಜನ್ ಅಣು ಮಾತ್ರ. ಅದರ ಮೊದಲ ಮೆಟ್ಟಿಲೇ 510 ಕೆಲ್ವಿನ್. ಅದರಿಂದ ಅನಿಲ ಸುಮಾರು 200 ಕೆಲ್ವಿನ್ನಿಗಿಂತ ಕೆಳಗೆ ಇಳಿಯುವುದು ಕಷ್ಟ. ಬಿಸಿ ಅನಿಲ ತನ್ನ ಭಾರಕ್ಕೆ ಕುಸಿಯಬೇಕಾದರೆ ದೊಡ್ಡ ಮುದ್ದೆಯೇ ಬೇಕು. ಹಾಗಾಗಿ ಮೊದಲ ನಕ್ಷತ್ರಗಳಲ್ಲಿ ಬಹುಪಾಲು ಭಾರಿ ನಕ್ಷತ್ರಗಳಾಗಿದ್ದವು ಎಂದು ಸಿದ್ಧಾಂತ ಹೇಳುತ್ತದೆ. ಸೂರ್ಯನಲ್ಲಿರುವುದರ ಮೂರು ಸಾವಿರದಲ್ಲೊಂದು ಭಾಗದಷ್ಟು ಕಾರ್ಬನ್ ಬಂದು ಸೇರಿದರೂ ಪರಿಸ್ಥಿತಿ ಬದಲಾಗುತ್ತದೆ, ಸಣ್ಣ ನಕ್ಷತ್ರಗಳಿಗೆ ದಾರಿಯಾಗುತ್ತದೆ ಎಂದು ವೋಲ್ಕರ್ ಬ್ರಾಮ್ ಮತ್ತು ಅವಿ ಲೋಬ್ 2003ರಲ್ಲಿ ಲೆಕ್ಕ ಹಾಕಿದರು.

ಕೊನೆಗೆ, ನೀವು ಕೇಳಿಲ್ಲದಿದ್ದರೂ ನಮ್ಮ ಕಡೆಯ ಕೆಲಸದ ಬಗ್ಗೆ ಹೇಳಬೇಕು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು (ಟಿಐಎಫ್‌ಆರ್) ಹೈದರಾಬಾದಿನಿಂದ ಬಲೂನಿನಲ್ಲಿ ಸುಮಾರು 30 ಕಿಲೋಮೀಟರ್ ಎತ್ತರಕ್ಕೆ ಒಂದು ಮೀಟರಿನ ದೂರದರ್ಶಕ ಹಾರಿಸಿ, ಜಪಾನಿನ ಉಪಕರಣದ ಜೊತೆ ಇದೇ 158 ಮೈಕ್ರಾನ್ ರೇಖೆಯಲ್ಲಿ ನಕ್ಷತ್ರ ಹುಟ್ಟುವ ಪ್ರದೇಶಗಳ ನಕ್ಷೆ ಮಾಡಿದ್ದಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ ನಡೆದದ್ದು ಇದೇ ಅಯಾನುಗಳನ್ನು ಇನ್ನೊಂದು ಕಡೆಯಿಂದ ನೋಡುವ ಕೆಲಸ. ಕಾರ್ಬನ್ ಅಯಾನು ಒಮ್ಮೊಮ್ಮೆ ಒಂದು ಎಲೆಕ್ಟ್ರಾನನ್ನು ಬಹಳ ದೂರದ ಕಕ್ಷೆಯಲ್ಲಿ ಹಿಡಿದುಕೊಳ್ಳುತ್ತದೆ. ಕಕ್ಷೆಯ ಸಂಖ್ಯೆ 575ರ ಆಸುಪಾಸು! ಅಂಥ ಒಂದು ಪರಮಾಣುವಿನ ಅಡ್ಡಗಲ ಸುಮಾರು 35 ಮೈಕ್ರಾನ್, ಕೂದಲೆಳೆಯ ಅರ್ಧದಷ್ಟು. ಅದು ಹೀರುವ ರೇಡಿಯೊ ಅಲೆ 34.5 ಮೆಗಾಹರ್ಟ್ಸಿನ ಹತ್ತಿರ ಬರುತ್ತದೆ. ಗೌರಿಬಿದನೂರಿನ ದೂರದರ್ಶಕ ಕೆಲಸ ಮಾಡುತ್ತಿದ್ದುದು ಅದೇ ಆವರ್ತನದಲ್ಲಿ. ಒಂದು ಸಾವಿರ ಡೈಪೋಲ್ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಹಾಸಿದ ದೂರದರ್ಶಕ ಅದು.

ಉಕ್ರೇನಿನಲ್ಲಿ 1980ರಲ್ಲಿ ಇಂಥ ರೇಖೆಯೊಂದನ್ನು ಮೊದಲು ಕಂಡಾಗ ಅದು ಸಾರಜನಕದ್ದು ಎಂದು ಭಾವಿಸಿದ್ದರು. ಅದು ಕಾರ್ಬನ್ನಿನದು ಎಂದು ಬೇಗನೇ ಸ್ಪಷ್ಟವಾಯಿತು. ರಾಮನ್ ಸಂಶೋಧನಾ ಸಂಸ್ಥೆಯ ನಿಮಿಷಾ ಕಂಠಾರಿಯಾ ಮತ್ತು ಕೆ. ಆರ್. ಅನಂತರಾಮಯ್ಯ ಅವರು ಎಚ್. ಇ. ಪೇನ್ ಜೊತೆ 1998ರಲ್ಲಿ, ಕ್ಯಾಸಿಯೋಪಿಯಾ ಎ ಎಂಬ ಸೂಪರ್‌ನೋವಾ ಅವಶೇಷದ (ಸಿಡಿದ ನಕ್ಷತ್ರದ ಉಳಿಕೆಯ) ದಿಕ್ಕಿನಲ್ಲಿ ಇರುವ ಅನಿಲವನ್ನು ಗೌರಿಬಿದನೂರಿನ 34.5 ಮೆಗಾಹರ್ಟ್ಸಿನಿಂದ 770 ಮೆಗಾಹರ್ಟ್ಸಿನವರೆಗಿನ ಅಳತೆಗಳಿಂದ ಪರಿಶೀಲಿಸಿದರು. ಅಳತೆಗಳಿಗೆ ಚೆನ್ನಾಗಿ ಹೊಂದಿದ ತಾಪ ಸುಮಾರು 75 ಕೆಲ್ವಿನ್. ಇತ್ತೀಚೆಗೆ ಯುರೋಪಿನ ಲೋಫಾರ್ ದೂರದರ್ಶಕದಿಂದ ಅದೇ ದಿಕ್ಕಿಗೆ ಸಿಕ್ಕದ್ದು ಸುಮಾರು 85. 158 ಮೈಕ್ರಾನಿನ ಒಂದು ಫೋಟಾನನ್ನೂ ಹಿಡಿಯದೆ, ಸಂಪೂರ್ಣ ಬೇರೆ ದಾರಿಯಿಂದ ಬಂದ ಈ ಎರಡೂ ತಾಪಗಳು 91 ಕೆಲ್ವಿನ್ನಿನ ಆ ಮೆಟ್ಟಿಲಿನ ಪಕ್ಕದಲ್ಲೇ ಇವೆ.